ಅತಿಥಿಗಳು ತೆರಳಿದ ಮೇಲಿನ ಕಡಲೂರು

ಮೆಕ್ಸಿಕೋ ದೇಶದ ಪಶ್ಚಿಮ ಕರಾವಳಿಯಲ್ಲಿ ಶಾಂತಸಾಗರವು ನೆಲದೊಳಕ್ಕೆ ಚಾಚಿಕೊಂಡಿರುವ ಒಂದು ವಿಶಾಲವಾದ ಕೊಲ್ಲಿಯುಂಟು. ಅದಕ್ಕೆ ಬಾಂಡೇರಾಸ್ ಕೊಲ್ಲಿ ಎಂದು ಹೆಸರು. ಅದರ ದಡದಲ್ಲಿ ಪ್ವೆರ್ಟೋ ವಯಾರ್ತಾ ಎಂಬ ಹೆಸರಾಂತ ವಿಹಾರನಗರವಿದೆ. ಅಲ್ಲಿಂದ ತುಸು ಉತ್ತರಕ್ಕೆ ನಯಾರಿತ್ ರಾಜ್ಯಕ್ಕೆ ಸೇರಿದ ಬುಸೆರಿಯಾಸ್ ಎಂಬ ಚಿಕ್ಕ ಊರಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ನೀರಿನಲ್ಲಿ ಮುಳುಗುವವರ ತಾಣವೆಂದು ಅರ್ಥ. ಹಿಂದೆ ಬೆಸ್ತರ ಊರಾಗಿದ್ದ ಇದು ಈಗ ಚಳಿಗಾಲದ ಅತಿಥಿಗಳ ಊರೂ ಆಗಿದೆ. ನವೆಂಬರಿನಿಂದ ಏಪ್ರಿಲಿನವರೆಗೆ ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಿಂದ ಬಂದ ಸಹಸ್ರಾರು ಜನ ಇಲ್ಲಿ ಬಿಡಾರ ಹೂಡುತ್ತಾರೆ. ಅವರಲ್ಲಿ ಬಹುಮಂದಿ ಕೆಲಸದಿಂದ ನಿವೃತ್ತರಾದವರು. ಕೆಲವರಿಗೆ ಇಲ್ಲಿ ಸ್ವಂತ ಮನೆಗಳೂ ಇವೆ. ಹಿಮ ಬೀಳುವ ನಾಡಿನಿಂದ ಹಕ್ಕಿಗಳಂತೆ ವಲಸೆ ಬರುವ ಇವರಿಗೆ ಅವರ ನಾಡಿನವರೇ 'ಹಿಮದ ಹಕ್ಕಿಗಳು' ಎಂದು ವಿನೋದದ ಹೆಸರಿಟ್ಟಿದ್ದಾರೆ.

ಈಸ್ಟರ್ ಹಬ್ಬದ ಗದ್ದಲ ಮುಗಿದ ಕೆಲವೇ ದಿನಗಳಲ್ಲಿ ಊರಿನ ಚಹರೆ ಬದಲಾಗುತ್ತದೆ. ಮನೆಗಳ ಕಿಟಕಿಗಳಿಗೆ ಅಗುಳಿ ಬೀಳುತ್ತದೆ. ಊಟದ ಮನೆಗಳಲ್ಲಿ ಕುರ್ಚಿಗಳು ಮೇಜಿನ ಮೇಲೇರುತ್ತವೆ. ಬೀದಿಯಲ್ಲಿ ಇಂಗ್ಲಿಷ್ ಮಾತು ಅಪರೂಪವಾಗುತ್ತದೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕೊಲ್ಲಿಯಲ್ಲಿ ಮರಿಗಳೊಡನೆ ವಿಹರಿಸುತ್ತಿದ್ದ ಗೂನುಬೆನ್ನಿನ ತಿಮಿಂಗಿಲಗಳು ಆ ವೇಳೆಗಾಗಲೇ ಉತ್ತರದ ತಣ್ಣೀರಿಗೆ ಹೊರಟುಹೋಗಿರುತ್ತವೆ. ಚಳಿಗಾಲವನ್ನು ಇಲ್ಲಿ ಕಳೆದ ವಲಸೆಹಕ್ಕಿಗಳೂ ಉತ್ತರದ ಹಾದಿ ಹಿಡಿದಿರುತ್ತವೆ. ಅವುಗಳ ಹಿಂದೆಯೇ ಮನುಷ್ಯರೂ ತೆರಳುತ್ತಾರೆ.

ಹೋಟೆಲಿನವರ ಲೆಕ್ಕದಲ್ಲಿ ಮುಂದಿನ ಆರು ತಿಂಗಳು 'ತೆಂಪೊರಾದಾ ಬಾಹಾ', ಎಂದರೆ ತಗ್ಗಿನ ಋತು. ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಆ ಕಡಲತಡಿಯಲ್ಲಿ ವರ್ಷದ ಅತ್ಯಂತ ದೊಡ್ಡ ವ್ಯವಹಾರಗಳೆಲ್ಲವೂ ನಡೆಯುವುದು ಈ ತಗ್ಗಿನ ಋತುವಿನಲ್ಲೇ. ಅತಿಥಿಗಳಿಲ್ಲದ ಆ ಊರಿನಲ್ಲಿ ನಾವು ಮನಸ್ಸಿನಿಂದಲೇ ಆರು ತಿಂಗಳು ತಂಗಿದ್ದು, ಅಲ್ಲಿ ನಡೆಯುವುದೇನೆಂಬುದನ್ನು ಒಂದೊಂದಾಗಿ ಪರಿಶೀಲಿಸೋಣ.

ಅವರು ಬಂದುದೇಕೆ?

ಮೊದಲು ಅತಿಥಿಗಳು ಬಂದುದೇಕೆಂಬುದನ್ನು ತಿಳಿದರೆ ಹೋದುದೇಕೆಂಬುದೂ ತಿಳಿಯುವುದು. ಬುಸೆರಿಯಾಸ್ ಇರುವುದು ಸುಮಾರು ೨೦.೭೫ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಎಂದರೆ ನಮ್ಮ ನಾಗಪುರಕ್ಕಿಂತ ಸ್ವಲ್ಪವೇ ದಕ್ಷಿಣಕ್ಕೆ. ಡಿಸೆಂಬರ್ ಮೂರನೆಯ ವಾರದಲ್ಲಿ, ಸೂರ್ಯನು ದಕ್ಷಿಣಕ್ಕೆ ಅತ್ಯಂತ ದೂರ ಸರಿದಿರುವಾಗಲೂ, ಇಲ್ಲಿ ನಡುಹಗಲ ಸೂರ್ಯ ದಿಗಂತದಿಂದ ೪೬ ಡಿಗ್ರಿ ಎತ್ತರದಲ್ಲಿರುತ್ತಾನೆ. ಅದೇ ದಿನ ೫೧ ಡಿಗ್ರಿ ಅಕ್ಷಾಂಶದಲ್ಲಿರುವ ಕೆನಡಾದ ಕ್ಯಾಲ್ಗರಿ ನಗರದಲ್ಲಿ ಅವನ ಎತ್ತರ ಹದಿನೈದೂವರೆ ಡಿಗ್ರಿ ಮಾತ್ರ.

ಕಿರಣಗಳು ಓರೆಯಾಗಿ ಬಿದ್ದಷ್ಟೂ ಅದೇ ಬೆಳಕು ಹೆಚ್ಚು ನೆಲದ ಮೇಲೆ ಹರಡಿಹೋಗುತ್ತದೆ. ಸಮತಲದ ನೆಲದ ಒಂದು ಚದರ ಮೀಟರಿಗೆ ದೊರೆಯುವ ಶಾಖವು ಸೂರ್ಯನ ಎತ್ತರದ ಕೋನದ 'ಸೈನ್' ಬೆಲೆಗೆ ಅನುಪಾತದಲ್ಲಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಸೂರ್ಯ ನೆತ್ತಿಯ ಮೇಲಿರುವಾಗ ದೊರೆಯುವುದನ್ನು ೧೦೦ ಎಂದು ಇಟ್ಟುಕೊಂಡರೆ, ಆ ದಿನ ನಡುಹಗಲಲ್ಲಿ ಬುಸೆರಿಯಾಸಿಗೆ ಸುಮಾರು ೭೨, ಕ್ಯಾಲ್ಗರಿಗೆ ಕೇವಲ ೨೭. ವಾಯುಮಂಡಲವು ಹೀರಿಕೊಳ್ಳುವ ಭಾಗವನ್ನು ನಾವಿಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅದನ್ನೂ ಸೇರಿಸಿದರೆ ಓರೆ ಕಿರಣದ ನಷ್ಟ ಇನ್ನೂ ಹೆಚ್ಚು. ಇದರ ಮೇಲೆ ಹಗಲಿನ ಅವಧಿಯೂ ಬೇರೆ. ಒಂದು ಕಡೆ ಸುಮಾರು ೧೦ ಗಂಟೆ ೫೦ ನಿಮಿಷ, ಇನ್ನೊಂದು ಕಡೆ ೮ ಗಂಟೆಗೂ ಕಡಮೆ. ಆದಕಾರಣ ಅತಿಥಿಗಳು ಹುಡುಕಿಕೊಂಡು ಬರುವುದು ಬರಿಯ ಸಮುದ್ರವನ್ನಲ್ಲ. ನೆಟ್ಟಗೆ ಬೀಳುವ ಬಿಸಿಲನ್ನು.

ಅವರು ಹೋದುದೇಕೆ?

ಹಾಗಾದರೆ ಬಿಸಿಲು ಇನ್ನಷ್ಟು ನೆಟ್ಟಗಾದಾಗ ಅವರು ಇನ್ನಷ್ಟು ಸಂತೋಷದಿಂದ ಇರಬೇಕಾಗಿತ್ತಲ್ಲವೆ? ಮೇ ಕೊನೆಯ ವಾರದಲ್ಲಿ ಒಮ್ಮೆ, ಜುಲೈ ಮೂರನೆಯ ವಾರದಲ್ಲಿ ಇನ್ನೊಮ್ಮೆ ಸೂರ್ಯನು ಈ ಊರಿನ ನೆತ್ತಿಯ ಮೇಲೆಯೇ ಹಾಯುತ್ತಾನೆ. ಆ ನಡುವಣ ದಿನಗಳಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕಿದ್ದು, ಗೋಡೆಯ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ ತಿಂಗಳಲ್ಲಿ ಹಗಲಿನ ಅವಧಿ ೧೩ ಗಂಟೆ ೨೦ ನಿಮಿಷಕ್ಕೆ ಏರುತ್ತದೆ.

ಆದರೂ ಉಷ್ಣಮಾಪಕವನ್ನು ನೋಡಿದರೆ ಆಶ್ಚರ್ಯವಾಗುವುದು. ಜನವರಿಯ ಹಗಲಿಗೂ ಆಗಸ್ಟಿನ ಹಗಲಿಗೂ ಗರಿಷ್ಠ ಉಷ್ಣತೆಯಲ್ಲಿರುವ ವ್ಯತ್ಯಾಸ ಐದಾರು ಡಿಗ್ರಿ ಸೆಂಟಿಗ್ರೇಡು ಮಾತ್ರ. ಅಷ್ಟಕ್ಕೇ ಊರು ಬಿಡುವುದುಂಟೆ? ಇಲ್ಲಿ ಉಷ್ಣಮಾಪಕವು ಅರ್ಧ ಕಥೆಯನ್ನು ಮಾತ್ರ ಹೇಳುತ್ತದೆ. ಉಳಿದರ್ಧವನ್ನು ಹೇಳುವುದು ಗಾಳಿಯಲ್ಲಿರುವ ನೀರಾವಿ.

ಸುಮ್ಮನೆ ಕುಳಿತಿರುವ ಮನುಷ್ಯನ ದೇಹವು ಸುಮಾರು ೧೦೦ ವಾಟ್ ಶಾಖವನ್ನು ಉತ್ಪತ್ತಿ ಮಾಡುತ್ತಿರುತ್ತದೆ. ಎಂದರೆ ಒಂದು ಹಳೆಯ ಮಾದರಿಯ ದೊಡ್ಡ ವಿದ್ಯುದ್ದೀಪದಷ್ಟು. ಈ ಶಾಖವನ್ನು ಹೊರಕ್ಕೆ ಸಾಗಿಸದಿದ್ದರೆ ಪ್ರಾಣಕ್ಕೆ ಅಪಾಯ. ಸುತ್ತಲಿನ ಗಾಳಿಯೂ ಚರ್ಮದಷ್ಟೇ ಬೆಚ್ಚಗಾದಾಗ ಉಳಿಯುವ ದಾರಿ ಬೆವರೊಂದೇ. ಒಂದು ಗ್ರಾಂ ಬೆವರು ಆರುವಾಗ ದೇಹದಿಂದ ಸುಮಾರು ೨,೪೦೦ ಜೌಲ್ ಶಾಖವನ್ನು ಕೊಂಡೊಯ್ಯುತ್ತದೆ. ಹೀಗೆ ಲೆಕ್ಕ ಹಾಕಿದರೆ ಗಂಟೆಗೆ ೧೫೦ ಗ್ರಾಂ ಬೆವರು ಆರಿದರೆ ಸಾಕು. ಆದರೆ ಅದು ಆರಬೇಕು; ಬರಿದೆ ತೊಟ್ಟಿಕ್ಕಿದರೆ ಪ್ರಯೋಜನವಿಲ್ಲ.

ಬೆವರು ಎಷ್ಟು ಬೇಗ ಆರುವುದೆಂಬುದು ಚರ್ಮದ ಮೇಲಿನ ನೀರಿನ ಆವಿಯೊತ್ತಡಕ್ಕೂ ಹೊರಗಿನ ಗಾಳಿಯ ಆವಿಯೊತ್ತಡಕ್ಕೂ ಇರುವ ಅಂತರವನ್ನು ಅವಲಂಬಿಸಿದೆ. ೩೫ ಡಿಗ್ರಿಯ ತೇವವಾದ ಚರ್ಮದಲ್ಲಿ ಆ ಒತ್ತಡ ಪಾದರಸದ ೪೨ ಮಿಲಿಮೀಟರು. ಚಳಿಗಾಲದ ಒಂದು ದಿನ ಇಬ್ಬನಿಬಿಂದುವು, ಎಂದರೆ ಗಾಳಿಯನ್ನು ತಣಿಸುತ್ತ ಹೋದಾಗ ಅದರ ಆವಿ ನೀರಾಗತೊಡಗುವ ಉಷ್ಣತೆಯು, ೧೬ ಡಿಗ್ರಿ ಎಂದಿಟ್ಟುಕೊಳ್ಳೋಣ. ಆಗ ಹೊರಗಿನ ಆವಿಯೊತ್ತಡ ೧೪ ಮಿಲಿಮೀಟರು, ಅಂತರ ೨೮. ಮಳೆಗಾಲದ ಒಂದು ದಿನ ಇಬ್ಬನಿಬಿಂದು ೨೫ ಡಿಗ್ರಿ ಆಯಿತೆನ್ನೋಣ. ಆಗ ಹೊರಗಿನ ಒತ್ತಡ ೨೪ಕ್ಕೆ ಏರುತ್ತದೆ. ಅಂತರ ೧೮ಕ್ಕೆ ಇಳಿಯುತ್ತದೆ. ಎಂದರೆ ಬೆವರನ್ನು ಆರಿಸುವ ಗಾಳಿಯ ಸಾಮರ್ಥ್ಯ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿ ಕುಗ್ಗಿತು. ಉಷ್ಣಮಾಪಕ ಐದಾರು ಡಿಗ್ರಿ ಏರಿದ್ದೇನೋ ನಿಜ. ದೇಹಕ್ಕೆ ಅದು ಬಹಳ ದೊಡ್ಡ ಏರಿಕೆಯಾಗಿ ಕಾಣುತ್ತದೆ.

ರಾತ್ರಿಯಲ್ಲಾದರೂ ಬಿಡುವುಂಟೆ? ಅದೂ ಇಲ್ಲ. ಗಾಳಿಯು ಇಬ್ಬನಿಬಿಂದುವಿನವರೆಗೆ ತಣಿದಾಗ ಆವಿಯು ನೀರಾಗತೊಡಗಿ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಅದರಿಂದ ಉಷ್ಣತೆ ಮತ್ತೆ ಕೆಳಗಿಳಿಯುವುದು ಕಷ್ಟ. ಆದುದರಿಂದಲೇ ಚಳಿಗಾಲದ ರಾತ್ರಿ ಹಿತವಾದ ತಂಪಿದ್ದರೆ ಮಳೆಗಾಲದ ರಾತ್ರಿ ಬೇಗೆಯಿಂದ ಬೇಯುತ್ತದೆ. ಬೆಂಗಳೂರಿನಿಂದ ಮೇ ತಿಂಗಳಲ್ಲಿ ಮಂಗಳೂರಿಗೆ ಹೋದ ವಾಚಕರಿಗೆ ಈ ಅನುಭವವನ್ನು ವಿವರಿಸಬೇಕಾಗಿಲ್ಲ. ಎರಡು ಉಷ್ಣಮಾಪಕಗಳನ್ನು ಜೊತೆಯಲ್ಲಿ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆಬಟ್ಟೆ ಸುತ್ತಿ, ಬೀಸಣಿಗೆಯಿಂದ ಗಾಳಿ ಹಾಕಿ ನೋಡಿರಿ. ಎರಡರ ನಡುವಣ ಅಂತರ ಹೆಚ್ಚಾಗಿದ್ದ ದಿನ ಮೈಗೆ ಹಿತ; ಅಂತರ ಅಳಿಸಿಹೋದ ದಿನ ಸಂಕಟ. ಶಾಲೆಯ ಪ್ರಯೋಗಶಾಲೆಯಲ್ಲಿಯೇ ಇದನ್ನು ಮಾಡಬಹುದು.

ಕಾನೂನು ಕೂಡ ಇದಕ್ಕೆ ಒತ್ತಾಸೆಯಾಗಿದೆ. ಪ್ರವಾಸಿಯಾಗಿ ಬಂದವರಿಗೆ ಮೆಕ್ಸಿಕೋ ಸರ್ಕಾರ ಗರಿಷ್ಠ ೧೮೦ ದಿನಗಳ ವಾಸಕ್ಕೆ ಅನುಮತಿ ಕೊಡುತ್ತದೆ. ವರ್ಷದ ಅರ್ಧವನ್ನಷ್ಟೇ ಕಳೆಯಬಹುದಾದರೆ ಯಾವ ಅರ್ಧವನ್ನು ಆರಿಸಿಕೊಳ್ಳಬೇಕೆಂಬುದರಲ್ಲಿ ಯಾರಿಗೂ ಸಂಶಯವಿರುವುದಿಲ್ಲ.

ಎರಡು ಪಂಚಾಂಗಗಳು

ಆದರೆ ಊರಿನಲ್ಲಿ ಉಳಿದವರಿಗೆ ಆ ಆಯ್ಕೆಯಿಲ್ಲ. ಅವರಲ್ಲಿ ಇನ್ನೊಂದು ಹಳೆಯ ಪಂಚಾಂಗವಿದೆ. ಮೆಕ್ಸಿಕೋದ ಹಳ್ಳಿಗರು ವರ್ಷವನ್ನು ಎರಡಾಗಿ ಭಾಗಿಸುತ್ತಾರೆ: 'ಸೆಕಾಸ್' ಎಂದರೆ ಒಣಗಾಲ, 'ಆಗ್ವಾಸ್' ಎಂದರೆ ನೀರುಗಾಲ. ಹೋಟೆಲಿನವರ ಏರಿನ ಋತು ಒಕ್ಕಲಿಗನ ಒಣಗಾಲ. ಅವರ ತಗ್ಗಿನ ಋತು ಇವನ ಬಿತ್ತನೆಯ, ಬೆಳೆಯ ಕಾಲ.

ಮೇ ತಿಂಗಳು ಈ ಎರಡರ ಸಂಧಿಕಾಲ. ಬೆಟ್ಟದ ಕಾಡೆಲ್ಲ ಎಲೆ ಉದುರಿಸಿ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಜೀರುಂಡೆಗಳ ಕೂಗೊಂದನ್ನು ಬಿಟ್ಟರೆ ಮಧ್ಯಾಹ್ನ ನಿಶ್ಶಬ್ದ. ನಯಾರಿತ್ ಮಾವಿಗೆ ಹೆಸರಾದ ಸೀಮೆ. ಅತಿಥಿಗಳು ಹೋದ ಬಳಿಕವೇ ಅಲ್ಲಿ ಹಣ್ಣಿನ ಸುಗ್ಗಿ. ಮಾವು ಮೂಲದಲ್ಲಿ ನಮ್ಮ ಕಡೆಯ ಮರ. ಸ್ಪ್ಯಾನಿಷರ ಹಡಗುಗಳು ಫಿಲಿಪೈನ್ಸಿನ ಮನಿಲಾ ಬಂದರಿನಿಂದ ಮೆಕ್ಸಿಕೋಗೆ ಓಡಾಡುತ್ತಿದ್ದ ಕಾಲದಲ್ಲಿ ಅದು ಶಾಂತಸಾಗರವನ್ನು ದಾಟಿತು. ಅಲ್ಲಿನ ಒಂದು ತಳಿಗೆ ಇಂದಿಗೂ ಮನಿಲಾ ಮಾವೆಂದೇ ಹೆಸರು.

ಶಾಲೆಗೆ ರಜೆಯಿರುವ ಜುಲೈ ಮತ್ತು ಆಗಸ್ಟಿನಲ್ಲಿ ಗ್ವಾದಲಹಾರದಂತಹ ಒಳನಾಡಿನ ನಗರಗಳ ಕುಟುಂಬಗಳು ಸಮುದ್ರಸ್ನಾನಕ್ಕೆ ಬರುವುದುಂಟು. ಆಗಸ್ಟಿನ ಕೊನೆಗೆ ಶಾಲೆಗಳು ತೆರೆದ ಮೇಲೆ ಅವರೂ ಹಿಂತಿರುಗುತ್ತಾರೆ. ನಿಜವಾದ ಮೌನ ಇಳಿಯುವುದು ಸೆಪ್ಟೆಂಬರಿನಲ್ಲಿ.

ಮಳೆಯ ಯಂತ್ರ

ಚಳಿಗಾಲದಲ್ಲಿ ಈ ತೀರದ ಮೇಲೆ ಅಧಿಕ ಒತ್ತಡದ ಗಾಳಿ ನೆಲಸಿರುತ್ತದೆ. ಮೇಲಿನಿಂದ ಇಳಿಯುವ ಗಾಳಿಯು ಅದುಮಿ ಬಿಸಿಯಾಗುವುದರಿಂದ ಅದರಲ್ಲಿ ಮೋಡ ಕಟ್ಟುವುದಿಲ್ಲ. ಅತಿಥಿಗಳು ಕಂಡ ನಿರ್ಮಲವಾದ ನೀಲಿ ಆಕಾಶದ ರಹಸ್ಯ ಇದೇ. ಬೇಸಗೆ ಮುಂದುವರಿದಂತೆ ಈ ಅಧಿಕ ಒತ್ತಡದ ಪ್ರದೇಶ ಉತ್ತರಕ್ಕೆ ಸರಿಯುತ್ತದೆ. ಮೆಕ್ಸಿಕೋದ ಒಳನಾಡು ಕಾಯುತ್ತದೆ. ದಕ್ಷಿಣದ ಬೆಚ್ಚನೆಯ ಸಾಗರದಿಂದ ತೇವಭರಿತವಾದ ಗಾಳಿ ಒಳನುಗ್ಗುತ್ತದೆ. ಜೂನ್ ತಿಂಗಳಲ್ಲಿ ಪಶ್ಚಿಮ ಮೆಕ್ಸಿಕೋದಲ್ಲಿ ಆರಂಭವಾಗಿ ಬೆಟ್ಟಸಾಲಿನ ಗುಂಟ ಉತ್ತರಕ್ಕೆ ಸಾಗುವ ಈ ವ್ಯವಸ್ಥೆಯನ್ನು ಹವಾಶಾಸ್ತ್ರಜ್ಞರು ಉತ್ತರ ಅಮೆರಿಕದ ಮಾನ್ಸೂನ್ ಎನ್ನುತ್ತಾರೆ. ನಮ್ಮ ಮುಂಗಾರಿಗೆ ಇದು ದೂರದ ದಾಯಾದಿ. ಆದರೆ ಸಹ್ಯಾದ್ರಿಯ ಮೇಲೆ ದಿನಗಟ್ಟಲೆ ಒಂದೇ ಸಮನೆ ಸುರಿಯುವ ಮಳೆಗೂ ಅಲ್ಲಿನ ಮಳೆಗೂ ವ್ಯತ್ಯಾಸವಿದೆ. ಅಲ್ಲಿ ಬೆಳಗ್ಗೆ ಬಿಸಿಲು. ಮಧ್ಯಾಹ್ನ ಬೆಟ್ಟದ ಮೇಲೆ ಮೋಡ. ಸಂಜೆಗೋ ರಾತ್ರಿಗೋ ಗುಡುಗು, ಸಿಡಿಲು, ಮಳೆ. ಮರುದಿನವೂ ಬಹುಮಟ್ಟಿಗೆ ಇದೇ ಕ್ರಮ.

ಈ ದಿನಚರಿಯ ಕಾರಣವನ್ನು ಸುಲಭವಾಗಿ ಊಹಿಸಬಹುದು. ಬಿಸಿಲಿಗೆ ಕಾದ ಬೆಟ್ಟದ ಇಳಿಜಾರಿನ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಅದರ ಸ್ಥಾನಕ್ಕೆ ಸಮುದ್ರದ ತೇವದ ಗಾಳಿ ಬರುತ್ತದೆ. ಮೇಲೇರುವ ಗಾಳಿ ಹಿಗ್ಗಿ, ಪ್ರತಿ ಕಿಲೋಮೀಟರಿಗೆ ಸುಮಾರು ೧೦ ಡಿಗ್ರಿಯಂತೆ ತಣಿಯುತ್ತದೆ. ದಡದಲ್ಲಿ ಉಷ್ಣತೆ ೩೨ ಡಿಗ್ರಿ, ಇಬ್ಬನಿಬಿಂದು ೨೫ ಡಿಗ್ರಿ ಇದ್ದರೆ, ಒಂದು ಕಿಲೋಮೀಟರು ಏರುವ ಮೊದಲೇ ಮೋಡ ಕಟ್ಟಬೇಕು. ಊರಿನ ಹಿಂದಣ ಮಲೆಗಳನ್ನು ಹತ್ತುವ ಗಾಳಿಗೆ ಅಷ್ಟು ಎತ್ತರ ದೊರೆಯುವುದು ಕಷ್ಟವಲ್ಲ. ಮೋಡ ಕಟ್ಟಿತೆಂದರೆ ಗುಪ್ತೋಷ್ಣ ಬಿಡುಗಡೆಯಾಗಿ ಗಾಳಿ ಇನ್ನೂ ಹಗುರಾಗುತ್ತದೆ. ಮತ್ತಷ್ಟು ವೇಗದಿಂದ ಏರುತ್ತದೆ.

ಈ ಯಂತ್ರದ ಶಕ್ತಿ ಎಷ್ಟು? ಒಂದು ಸಂಜೆ ಒಂದು ಚದರ ಕಿಲೋಮೀಟರಿನ ಮೇಲೆ ೨೫ ಮಿಲಿಮೀಟರು ಮಳೆ ಸುರಿಯಿತೆನ್ನೋಣ. ಅಷ್ಟು ನೀರಿನ ತೂಕ ೨೫,೦೦೦ ಟನ್ನು. ಒಂದು ಕಿಲೋಗ್ರಾಂ ಆವಿ ನೀರಾಗುವಾಗ ಸುಮಾರು ೨೫ ಲಕ್ಷ ಜೌಲ್ ಹೊರಬೀಳುತ್ತದೆ. ಒಟ್ಟು ಶಕ್ತಿಯನ್ನು ವಿದ್ಯುತ್ತಿನ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು ೧ ಕೋಟಿ ೭೦ ಲಕ್ಷ ಯೂನಿಟ್ಟುಗಳಾಗುತ್ತವೆ. ಇದು ಒಂದೇ ಚದರ ಕಿಲೋಮೀಟರಿನ, ಒಂದೇ ಸಂಜೆಯ ಮಳೆಯ ಲೆಕ್ಕ. ಋತುವಿಗೆ 'ತಗ್ಗು' ಎಂಬ ಹೆಸರು ಎಷ್ಟರಮಟ್ಟಿಗೆ ಒಪ್ಪುವುದೆಂಬುದನ್ನು ವಾಚಕರೇ ನಿರ್ಧರಿಸಲಿ.

ಮಳೆ ಬಿದ್ದ ಕೆಲವೇ ವಾರಗಳಲ್ಲಿ ಬೂದಿಬಣ್ಣದ ಕಾಡು ಹಸುರಾಗುತ್ತದೆ. ಇದೇ ಬಗೆಯ ಒಣಕಾಡನ್ನು ಅಭ್ಯಾಸ ಮಾಡಲೆಂದು ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾನಿಲಯವು ದಕ್ಷಿಣಕ್ಕೆ ಹಲಿಸ್ಕೋ ತೀರದ ಚಮೇಲಾ ಎಂಬಲ್ಲಿ ೧೯೭೧ರಲ್ಲಿ ಒಂದು ಸಂಶೋಧನಾಕೇಂದ್ರವನ್ನು ತೆರೆಯಿತು. ನೆಲದ ಏಡಿಗಳು ಬಿಲದಿಂದೆದ್ದು ಮೊಟ್ಟೆಯಿಡಲು ಸಮುದ್ರದ ಕಡೆಗೆ ಹರಿದುಬರುತ್ತವೆ. ಅಮೇಕಾ ನದಿ ಕೆಂಪಾಗಿ ತುಂಬಿ, ಬೆಟ್ಟದ ಮಣ್ಣನ್ನೂ ಮರಳನ್ನೂ ಕೊಲ್ಲಿಗೆ ತಂದು ಸುರಿಯುತ್ತದೆ. ಚಳಿಗಾಲದಲ್ಲಿ ಅತಿಥಿಗಳು ಕುಡಿಯುವ ನೀರು, ನೋಡುವ ಹಸುರು ಇವೆಲ್ಲವೂ ಅವರಿಲ್ಲದ ಈ ದಿನಗಳ ಸಂಪಾದನೆ.

ದೂರದಿಂದ ಬಂದ ಅಲೆಗಳು

ನಿರ್ಜನವಾದ ದಡದಲ್ಲಿ ನಿಂತರೆ ಗಾಳಿಯೇ ಇಲ್ಲದ ದಿನವೂ ಉದ್ದುದ್ದನೆಯ ಅಲೆಗಳು ನಿಧಾನವಾಗಿ ಬರುತ್ತಿರುವುದು ಕಾಣುತ್ತದೆ. ಕೊಲ್ಲಿಯ ಬಾಯಿಯ ಉತ್ತರ ತುದಿಯಾದ ಪುಂತಾ ಮಿತಾದಲ್ಲಿ ಇವು ಬಹು ಚೆನ್ನಾಗಿ ಕಾಣುತ್ತವೆ. ಇವು ಹುಟ್ಟಿದುದು ಇಲ್ಲಲ್ಲ. ಉತ್ತರಾರ್ಧಗೋಳದಲ್ಲಿ ಬೇಸಗೆಯಾಗಿರುವಾಗ ದಕ್ಷಿಣಾರ್ಧಗೋಳದಲ್ಲಿ ಚಳಿಗಾಲ. ನ್ಯೂಜಿಲೆಂಡಿನ ಆಚೆಯ ಹಿಮಸಾಗರದಲ್ಲಿ ಏಳುವ ಬಿರುಗಾಳಿಗಳೇ ಈ ಅಲೆಗಳ ತಾಯಿ.

ಒಂದು ಶಿಖರ ಹಾದ ಮೇಲೆ ಮುಂದಿನ ಶಿಖರ ಬರಲು ೧೫ ಸೆಕೆಂಡು ಹಿಡಿದರೆ, ಆಳವಾದ ನೀರಿನಲ್ಲಿ ಅಂತಹ ಅಲೆಗಳ ಶಕ್ತಿಯು ಗಂಟೆಗೆ ಸುಮಾರು ೪೨ ಕಿಲೋಮೀಟರಿನಂತೆ ಸಾಗುತ್ತದೆ. ಎಂದರೆ ದಿನಕ್ಕೆ ಸುಮಾರು ೧,೦೦೦ ಕಿಲೋಮೀಟರು. ೧೦,೦೦೦ ಕಿಲೋಮೀಟರು ದೂರದ ಬಿರುಗಾಳಿಯ ಅಲೆ ಇಲ್ಲಿಗೆ ತಲಪಲು ಹತ್ತು ದಿನ. ಕೈಯಲ್ಲಿ ಗಡಿಯಾರವಿದ್ದರೆ ಸಾಕು. ಮೆಕ್ಸಿಕೋದ ದಡದಲ್ಲಿ ಕುಳಿತು ದಕ್ಷಿಣಧ್ರುವದ ಕಡೆಯ ಬಿರುಗಾಳಿಯ ಸುದ್ದಿಯನ್ನು ಓದಬಹುದು.

ಸೆಪ್ಟೆಂಬರಿನ ಮೌನ

ಸೂರ್ಯನು ಜೂನಿನಲ್ಲೇ ತನ್ನ ಉತ್ತರದ ಎಲ್ಲೆಯನ್ನು ಮುಟ್ಟಿ ಹಿಂತಿರುಗಿದ್ದಾನೆ. ಆದರೂ ಸಮುದ್ರವು ಅತ್ಯಂತ ಬೆಚ್ಚಗಾಗುವುದು ಆಗಸ್ಟ್ ಸೆಪ್ಟೆಂಬರಿನಲ್ಲಿ. ಆಗ ಮೇಲ್ಮೈಯ ಉಷ್ಣತೆ ೩೦ ಡಿಗ್ರಿಯ ಸಮೀಪಕ್ಕೆ ಬರುತ್ತದೆ. ಈ ವಿಳಂಬಕ್ಕೆ ಕಾರಣ ನೀರಿನ ಅಪಾರವಾದ ಉಷ್ಣಧಾರಣಶಕ್ತಿ. ಮೇಲಿನ ೨೫ ಮೀಟರು ಆಳದ ನೀರು ೫ ಡಿಗ್ರಿ ಬೆಚ್ಚಗಾಗಬೇಕಾದರೆ ಪ್ರತಿ ಚದರ ಮೀಟರಿಗೆ ೫೨ ಕೋಟಿ ಜೌಲ್ ಬೇಕು. ಬಂದ ಶಾಖದಲ್ಲಿ ಹೋದುದನ್ನು ಕಳೆದು ಚದರ ಮೀಟರಿಗೆ ೬೦ ವಾಟ್ ಉಳಿಯಿತೆಂದರೂ ಅಷ್ಟನ್ನು ಕೂಡಿಡಲು ನೂರು ದಿನ ಬೇಕಾಗುವುದು. ಸಮುದ್ರವೆಂಬುದು ನಿಧಾನವಾಗಿ ತುಂಬುವ ಕಣಜ.

ಸೆಪ್ಟೆಂಬರಿನಲ್ಲಿ ಅನೇಕ ಊಟದ ಮನೆಗಳು ತಿಂಗಳಿಡೀ ಮುಚ್ಚಿರುತ್ತವೆ. ಬಣ್ಣ ಬಳಿಯುವುದು, ಸೋರುವ ಮಾಡನ್ನು ಸರಿಪಡಿಸುವುದು ನಡೆಯುತ್ತದೆ. ಪ್ರವಾಸಿಗಳ ಸಂಬಳ ಮತ್ತು ಇನಾಮನ್ನೇ ನಂಬಿದ ಮನೆಗಳಲ್ಲಿ ಚಳಿಗಾಲದಲ್ಲಿ ಉಳಿಸಿದ ಹಣವನ್ನು ಎಣಿಸಿ ಖರ್ಚು ಮಾಡುತ್ತಾರೆ. ಆದರೂ ೧೫ನೆಯ ತಾರೀಖಿನ ರಾತ್ರಿ ಮೆಕ್ಸಿಕೋದ ಪ್ರತಿಯೊಂದು ಊರಿನಂತೆ ಇಲ್ಲಿಯೂ ಸ್ವಾತಂತ್ರ್ಯದ ಘೋಷಣೆಯನ್ನು ಕೂಗಲು ಜನ ಚೌಕದಲ್ಲಿ ನೆರೆಯುತ್ತಾರೆ. ಆ ದಿನ ಊರು ಪೂರ್ತಿಯಾಗಿ ಊರಿನವರದೇ.

ಈ ಕತ್ತಲೆಯ ದಡಕ್ಕೆ ಬೇರೆ ಅತಿಥಿಗಳೂ ಬರುತ್ತಾರೆ. ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಇಲ್ಲಿ ಮೊಟ್ಟೆಯಿಡಲು ಹೆಚ್ಚಾಗಿ ಬರುವುದು ಜುಲೈಯಿಂದ ನವೆಂಬರಿನವರೆಗೆ. ಇದೇ ಜಾತಿಯ ಆಮೆಗಳು ನಮ್ಮ ಉತ್ತರ ಕನ್ನಡದ ಕರಾವಳಿಗೂ ಬರುತ್ತವೆ. ಆದರೆ ಇಲ್ಲಿ ಮಳೆ ನಿಂತ ಮೇಲಿನ ಚಳಿಗಾಲದಲ್ಲಿ. ಒಂದೊಂದು ಆಮೆಯೂ ಮರಳನ್ನು ತೋಡಿ ಸುಮಾರು ನೂರು ಮೊಟ್ಟೆಗಳನ್ನು ಹೂಳಿ ಹೋಗುತ್ತದೆ. ಒಂದೂವರೆ ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಮರಳಿನ ಉಷ್ಣತೆ. ಸುಮಾರು ೩೦ ಡಿಗ್ರಿ ಅದರ ಎಲ್ಲೆ. ಅದಕ್ಕಿಂತ ತಂಪಾದರೆ ಗಂಡುಗಳು ಹೆಚ್ಚು, ಬೆಚ್ಚಗಾದರೆ ಹೆಣ್ಣುಗಳು ಹೆಚ್ಚು. ಬಹಳ ಬಿಸಿಯಾದರೆ ಮೊಟ್ಟೆಯೇ ನಾಶ. ಒಂದು ಸಂಜೆಯ ಮಳೆ ಮರಳನ್ನು ತಣಿಸುವುದೆಂದರೆ ಆಮೆಯ ಮುಂದಿನ ಸಂತತಿಗೆ ಅದು ಸಣ್ಣ ವಿಷಯವಲ್ಲ.

ಮೊಟ್ಟೆಯೊಡೆದು ಬಂದ ಮರಿಗಳು ರಾತ್ರಿಯಲ್ಲಿ ಹೆಚ್ಚು ಬೆಳಕಾಗಿ ಕಾಣುವ ದಿಗಂತದ ಕಡೆಗೆ ತೆವಳುತ್ತವೆ. ಸ್ವಾಭಾವಿಕವಾದ ದಡದಲ್ಲಿ ಅದು ಸಮುದ್ರ. ಹೋಟೆಲುಗಳ ದೀಪ ಉರಿಯುತ್ತಿದ್ದರೆ ಅವು ದಾರಿ ತಪ್ಪಿ ರಸ್ತೆಗೆ ಬಂದು ಸಾಯುತ್ತವೆ. ಕಿಟಕಿಗಳು ಮುಚ್ಚಿರುವ ತಿಂಗಳುಗಳು ಮರಿಗಳಿಗೆ ಅನುಕೂಲವಾದುವೆಂಬುದರಲ್ಲಿ ಸಂದೇಹವಿಲ್ಲ. ಮೆಕ್ಸಿಕೋ ೧೯೯೦ರಲ್ಲಿ ಕಡಲಾಮೆಗಳನ್ನು ಹಿಡಿಯುವುದನ್ನು ಪೂರ್ಣವಾಗಿ ನಿಷೇಧಿಸಿತು. ಈ ಕರಾವಳಿಯಲ್ಲಿ ರಾತ್ರಿಯೆಲ್ಲ ದಡವನ್ನು ಸುತ್ತಿ ಮೊಟ್ಟೆಗಳನ್ನು ಕಾಪಾಡುವ ಶಿಬಿರಗಳಿವೆ.

ಅಕ್ಟೋಬರಿನ ಭಯ

ಬೆಚ್ಚನೆಯ ಸಮುದ್ರವೆಂಬ ಕಣಜದಲ್ಲಿ ಕೂಡಿಟ್ಟ ಶಾಖ ಸುಮ್ಮನೆ ಇರುವುದಿಲ್ಲ. ನೀರಿನ ಮೇಲ್ಮೈ ೨೬.೫ ಡಿಗ್ರಿಗಿಂತ ಬೆಚ್ಚಗಿದ್ದು, ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ, ಗುಡುಗಿನ ಮೋಡಗಳ ಗುಂಪೊಂದು ಭೂಮಿಯ ಆವರ್ತನದ ಪ್ರಭಾವದಿಂದ ಸುತ್ತತೊಡಗಿ ಚಂಡಮಾರುತವಾಗಬಹುದು. ಪೂರ್ವ ಶಾಂತಸಾಗರದಲ್ಲಿ ಚಂಡಮಾರುತಗಳ ಋತುವನ್ನು ಮೇ ೧೫ರಿಂದ ನವೆಂಬರ್ ೩೦ರವರೆಗೆ ಎಣಿಸುತ್ತಾರೆ. ಅತಿಥಿಗಳಿಲ್ಲದ ಅವಧಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಆದರೆ ಒಂದು ವಿಶೇಷವನ್ನು ಗಮನಿಸಬೇಕು. ನಡುಬೇಸಗೆಯಲ್ಲಿ ಹುಟ್ಟುವ ಚಂಡಮಾರುತಗಳನ್ನು ಪೂರ್ವದಿಂದ ಬೀಸುವ ಗಾಳಿಗಳು ಸಾಮಾನ್ಯವಾಗಿ ಪಶ್ಚಿಮಕ್ಕೆ, ನಡುಸಾಗರಕ್ಕೆ ತಳ್ಳುತ್ತವೆ. ತಣ್ಣೀರಿನ ಮೇಲೆ ಅವು ಕುಂದಿಹೋಗುತ್ತವೆ. ಶರತ್ಕಾಲ ಬಂದಂತೆ ಪಶ್ಚಿಮದಿಂದ ಬೀಸುವ ಮೇಲ್ಗಾಳಿಯ ಅಲೆಗಳು ಉತ್ತರದಿಂದ ಕೆಳಗೆ ಬಾಗಿ ಬರುತ್ತವೆ. ಅವುಗಳ ಸೆಳೆತಕ್ಕೆ ಸಿಕ್ಕಿದ ಚಂಡಮಾರುತ ತನ್ನ ದಾರಿಯನ್ನು ಬದಲಿಸಿ ಈಶಾನ್ಯಕ್ಕೆ, ಎಂದರೆ ನೇರವಾಗಿ ಈ ದಡದ ಕಡೆಗೆ ತಿರುಗುತ್ತದೆ. ಸಮುದ್ರವಂತೂ ಇನ್ನೂ ಬೆಚ್ಚಗೇ ಇರುತ್ತದೆ. ಆದುದರಿಂದ ಋತುವಿನ ದೊಡ್ಡ ಅಪಾಯ ಅದರ ಕೊನೆಯಲ್ಲಿದೆ.

ಈಚಿನ ಇತಿಹಾಸವೂ ಇದನ್ನೇ ಹೇಳುತ್ತದೆ. ೨೦೦೨ರ ಅಕ್ಟೋಬರ್ ೨೫ರಂದು ಕೆನ್ನಾ ಎಂಬ ಚಂಡಮಾರುತ ನಯಾರಿತ್‌ನ ಸಾನ್ ಬ್ಲಾಸ್ ಪಟ್ಟಣದ ಬಳಿ ನೆಲವನ್ನು ಹೊಕ್ಕಿತು. ಅಲ್ಲಿನ ಮನೆಗಳಲ್ಲಿ ಬಹುಪಾಲು ಹಾನಿಗೊಂಡವು; ದೂರದಲ್ಲಿದ್ದ ಪ್ವೆರ್ಟೋ ವಯಾರ್ತಾದಲ್ಲಿಯೂ ಉಕ್ಕಿದ ಸಮುದ್ರ ದಡದ ಹೋಟೆಲುಗಳೊಳಕ್ಕೆ ನುಗ್ಗಿತು. ೨೦೧೫ರ ಅಕ್ಟೋಬರಿನಲ್ಲಿ ಬಂದ ಪೆಟ್ರೀಸಿಯಾದ ಗಾಳಿ ಸಮುದ್ರದ ಮೇಲೆ ಗಂಟೆಗೆ ೩೪೫ ಕಿಲೋಮೀಟರಿಗೆ ಏರಿತು. ಅದರ ಕೇಂದ್ರದಲ್ಲಿ ವಾಯುವಿನ ಒತ್ತಡ ೮೭೨ 'ಮಿಲಿಬಾರ್'ಗೆ ಇಳಿದಿತ್ತು. ಸಾಮಾನ್ಯ ಒತ್ತಡ ೧,೦೧೩. ಒಂದು ಮಿಲಿಬಾರ್ ಇಳಿದರೆ ಕೆಳಗಿನ ಸಮುದ್ರ ಸುಮಾರು ಒಂದು ಸೆಂಟಿಮೀಟರು ಉಬ್ಬುತ್ತದೆ. ಹಾಗಾಗಿ ಗಾಳಿಯ ನೂಕನ್ನು ಬಿಟ್ಟು, ಬರಿಯ ಒತ್ತಡದ ಇಳಿಕೆಯೇ ನೀರನ್ನು ಒಂದು ಮೀಟರು ನಲವತ್ತು ಸೆಂಟಿಮೀಟರಿನಷ್ಟು ಎತ್ತಬಲ್ಲುದು. ಅದೃಷ್ಟವಶಾತ್ ಅದು ದಡ ಸೇರುವ ಮೊದಲು ಸ್ವಲ್ಪ ಕುಂದಿ, ಅಕ್ಟೋಬರ್ ೨೩ರಂದು ಹಲಿಸ್ಕೋದ ಜನವಿರಳವಾದ ತೀರದಲ್ಲಿ ನೆಲ ಹೊಕ್ಕಿತು. ೨೦೨೨ರಲ್ಲಿ ರೋಸ್ಲಿನ್, ೨೦೨೩ರಲ್ಲಿ ಲಿಡಿಯಾ ಇದೇ ಕರಾವಳಿಗೆ ಬಂದವು, ಎರಡೂ ಅಕ್ಟೋಬರಿನಲ್ಲೇ.

ದಕ್ಷಿಣದ ಅಕಪುಲ್ಕೋ ನಗರದ ಕಥೆ ಇನ್ನೂ ಎಚ್ಚರಿಕೆಯದು. ೨೦೨೩ರ ಅಕ್ಟೋಬರ್ ೨೪ರ ಬೆಳಗ್ಗೆ ಸಾಧಾರಣ ಬಿರುಗಾಳಿಯಾಗಿದ್ದ ಓಟಿಸ್, ಬೆಚ್ಚನೆಯ ನೀರಿನ ಮೇಲೆ ಹಾದು, ಒಂದು ದಿನ ತುಂಬುವುದರೊಳಗೆ ಅತ್ಯುಚ್ಚ ವರ್ಗದ ಚಂಡಮಾರುತವಾಗಿ ನಡುರಾತ್ರಿ ಕಳೆದ ಮೇಲೆ ನಗರವನ್ನು ಅಪ್ಪಳಿಸಿತು. ಮುನ್ಸೂಚನೆಯ ಲೆಕ್ಕಗಳು ಇದನ್ನು ಮುಂಗಾಣಲಿಲ್ಲ. ಹತ್ತಾರು ಜನ ಪ್ರಾಣ ಕಳೆದುಕೊಂಡರು. ಚಂಡಮಾರುತದ ದಾರಿಯನ್ನು ಹೇಳುವುದರಲ್ಲಿ ವಿಜ್ಞಾನ ಬಹಳ ಮುಂದುವರಿದಿದೆ. ಅದು ಎಷ್ಟು ಬೇಗ ಬಲಗೊಳ್ಳುವುದೆಂಬುದನ್ನು ಹೇಳುವುದು ಈಗಲೂ ಕಠಿಣ.

ಮತ್ತೆ ನವೆಂಬರು

ನವೆಂಬರಿನ ಮೊದಲೆರಡು ದಿನಗಳಲ್ಲಿ ಮೆಕ್ಸಿಕೋದ ಜನ ಅಗಲಿದ ಹಿರಿಯರ ನೆನಪಿಗಾಗಿ ಹಳದಿಯ ಚೆಂಡುಹೂಗಳಿಂದ ಮನೆಯನ್ನೂ ಗೋರಿಯನ್ನೂ ಅಲಂಕರಿಸುತ್ತಾರೆ. ಆ ವೇಳೆಗೆ ಮಳೆ ಹಿಂದೆಗೆದಿರುತ್ತದೆ. ಗಾಳಿಯ ತೇವ ಇಳಿದಿರುತ್ತದೆ. ವಿಮಾನಗಳು ಮತ್ತೆ ತುಂಬಿ ಬರುತ್ತವೆ. ಬಂದವರು ಹಸುರಾದ ಬೆಟ್ಟವನ್ನೂ ತೊಳೆದಂತಿರುವ ಆಕಾಶವನ್ನೂ ನೋಡಿ ಮೆಚ್ಚುತ್ತಾರೆ.

ಇಲ್ಲೊಂದು ಮುಖ್ಯವಾದ ವಿಷಯವನ್ನು ಹೇಳಬೇಕು. ಈ ಕರಾವಳಿಯ ಊರುಗಳ ನಡುವೆ ಬೆಟ್ಟದಿಂದ ಸಮುದ್ರಕ್ಕೆ ಇಳಿಯುವ ಹಳ್ಳಗಳಿವೆ. ಅಲ್ಲಿನವರು ಅವನ್ನು 'ಅರೋಯೋ' ಎನ್ನುತ್ತಾರೆ. ಒಣಗಾಲದಲ್ಲಿ ಅವು ಅಗಲವಾದ ಮರಳ ಹಾದಿಗಳಂತೆ ಕಾಣುತ್ತವೆ. ಮಕ್ಕಳು ಅಲ್ಲಿ ಆಡುತ್ತಾರೆ, ವಾಹನಗಳು ನಿಲ್ಲುತ್ತವೆ. ಚಳಿಗಾಲದಲ್ಲಷ್ಟೇ ಊರನ್ನು ಕಂಡವನಿಗೆ ಅದು ಮನೆ ಕಟ್ಟಲು ತಕ್ಕ ಸಮತಟ್ಟಾದ ನಿವೇಶನ. ಆದರೆ ಸೆಪ್ಟೆಂಬರಿನ ಒಂದು ರಾತ್ರಿ ಅಲ್ಲಿ ಸೆಕೆಂಡಿಗೆ ಎರಡು ಮೀಟರು ವೇಗದ ನೀರು ಮಂಡಿಯನ್ನು ಮೀರಿ ಹರಿಯುತ್ತದೆ. ಹರಿಯುವ ನೀರಿನ ನೂಕು ವೇಗದ ವರ್ಗಕ್ಕನುಸಾರವಾಗಿ ಹೆಚ್ಚುತ್ತದೆ. ಆ ವೇಗದಲ್ಲಿ ಒಂದು ಚದರ ಮೀಟರಿನ ಮೂರನೆಯ ಒಂದು ಪಾಲಿನಷ್ಟು ಮೈಗೆ ತಗಲುವ ಬಲ ಸುಮಾರು ಎಪ್ಪತ್ತು ಕಿಲೋಗ್ರಾಂ ತೂಕದಷ್ಟು; ನಿಂತ ಮನುಷ್ಯನನ್ನು ಕೆಡವಲು ಅದು ಸಾಕು. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ, ಗೋಡೆಯೂ ನಿಲ್ಲಲಾರದು.

ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಪದೇಪದೇ ಹೇಳುವ ಮಾತೊಂದುಂಟು: ನಮಗೆ ಅನುಕೂಲವಾದ ಅಳತೆಗಳನ್ನಷ್ಟೇ ತೆಗೆದುಕೊಂಡು ಸರಾಸರಿಯನ್ನು ಕಟ್ಟಬಾರದು. ಚಳಿಗಾಲದ ಆರು ತಿಂಗಳನ್ನಷ್ಟೇ ಕಂಡು ಬುಸೆರಿಯಾಸ್ ಒಂದು ಶಾಂತವಾದ ಊರೆಂದು ತೀರ್ಮಾನಿಸುವುದು ಅದೇ ತಪ್ಪು. ಆ ಹಳ್ಳ ಎಲ್ಲಿಯವರೆಗೆ ಉಕ್ಕುತ್ತದೆ, ಯಾವ ಗಾಳಿ ಬಂದರೆ ದೋಣಿಗಳನ್ನು ಮೇಲೆಳೆಯಬೇಕು, ಯಾವ ಮಾಡು ನಿಲ್ಲುತ್ತದೆ ಎಂಬುದನ್ನು ಬಲ್ಲವರು ಉಳಿದ ಆರು ತಿಂಗಳನ್ನು ಅಲ್ಲೇ ಕಳೆದವರು. ನಿವೇಶನವನ್ನು ಕೊಳ್ಳಲು ಬಂದವನು ಮೊದಲು ಅವರನ್ನು ಕೇಳಬೇಕು. ಸಾಧ್ಯವಾದರೆ ಒಂದು ಸೆಪ್ಟೆಂಬರನ್ನು ಅವರೊಡನೆ ಇದ್ದು ನೋಡಬೇಕು.